ನಿಮಗಿದು ಗೊತ್ತೇ? ಟಕಟಕ ಟ್ಯಾಪೆಟ್‌ಗೇ ರೇಸಿನಲ್ಲಿ ಮರ್ಯಾದೆ

ಡ್ರ್ಯಾಗ್ ರೇಸಿನಲ್ಲಿ ತಿರುವೇ ಇಲ್ಲ. ಎರಡು ಕಾರು, ನೇರ ಟ್ರ್ಯಾಕು, ಕಾಲು ಮೈಲಿ ಓಟ, ಅಷ್ಟೇ. ಅಲ್ಲಿನ ವಿ-8 ಎಂಜಿನ್ 8,000 ಆರ್‌ಪಿಎಂ ಮುಟ್ಟಿದಾಗ ಒಂದೊಂದು ವಾಲ್ವೂ ಸೆಕೆಂಡಿಗೆ 66 ಸಲ ತೆರೆದು ಮುಚ್ಚುತ್ತದೆ. ಕ್ಯಾಮ್‌ಶಾಫ್ಟಿನ ಉಬ್ಬಿನ ಮೇಲೆ ಕೂತು, ಪುಶ್‌ರಾಡ್ ಎತ್ತಿ, ವಾಲ್ವನ್ನು ಒತ್ತುವ ರಾಕರ್ ಎಂಬ ತೋಳಿನ ಮೂಲಕ ಈ ಕೆಲಸ ಮಾಡಿಸುವುದು ಲಿಫ್ಟರ್. ನಮ್ಮ ಗ್ಯಾರೇಜಿನವರ ಬಾಯಲ್ಲಿ ಅದೇ ಟ್ಯಾಪೆಟ್.

ಇದರಲ್ಲಿ ಎರಡು ಜಾತಿ. ಸಾಲಿಡ್ ಲಿಫ್ಟರಿನೊಳಗೆ ಅಲುಗಾಡುವ ಭಾಗವೇ ಇಲ್ಲ. ವಾಲ್ವ್ ಮುಚ್ಚಿದಾಗ ಚೂರು ಸಂದು ಬಿಡಲೇಬೇಕು, ಟಕಟಕ ಸದ್ದು ಹುಟ್ಟುವುದು ಅಲ್ಲೇ. ಹೈಡ್ರಾಲಿಕ್ ಲಿಫ್ಟರಿನ ಹೊಟ್ಟೆಯಲ್ಲಿ ಪುಟ್ಟ ಪ್ಲಂಜರ್, ಸ್ಪ್ರಿಂಗ್, ಆಯಿಲನ್ನು ಹಿಂದಿರುಗಲು ಬಿಡದ ಒಂದು ಕವಾಟ ಇರುತ್ತವೆ. ಎಂಜಿನ್ ಆಯಿಲ್ ಒಳಗೆ ತುಂಬಿಕೊಂಡು ಸಂದನ್ನು ತಾನೇ ಮುಚ್ಚುತ್ತದೆ. ಹಳೇ ಬುಲೆಟ್ ಬೈಕು ಮೊದಲನೇ ಜಾತಿ. ಆಮೇಲೆ ಬಂದ ಯುಸಿಇ ಎಂಜಿನ್ನಿನ ಬುಲೆಟ್ ಎರಡನೆಯದು.

ಎಂಜಿನ್ ಸದ್ದಡಗಿಸಲೆಂದೇ 1930ರ ಕ್ಯಾಡಿಲಾಕ್ ವಿ-16 ಕಾರಿಗೆ ಈ ಹೈಡ್ರಾಲಿಕ್ ಉಪಾಯ ಹಾಕಿದ್ದರು. ಶ್ರೀಮಂತರ ಕಾರು, ಒಳಗೆ ಕೂತವರಿಗೆ ಸದ್ದು ಕೇಳಬಾರದಲ್ಲ!

ಹಾಗಾದರೆ ರೇಸಿನವರಿಗೆ ಅದರ ಮೇಲೆ ಯಾಕೆ ಮುನಿಸು? ಸಂದು ಕಂಡರೆ ತುಂಬುವ ಆ ಒಳ್ಳೇ ಗುಣವೇ ಅಲ್ಲಿ ಮುಳುವಾಗುತ್ತದೆ. ಆರ್‌ಪಿಎಂ ವಿಪರೀತ ಏರಿದಾಗ ವಾಲ್ವ್ ಸ್ಪ್ರಿಂಗಿಗೆ ಕ್ಯಾಮ್‌ನ ವೇಗ ಹಿಡಿಯಲಾಗುವುದಿಲ್ಲ, ಕ್ಷಣಮಾತ್ರ ಎಲ್ಲೋ ಒಂದು ಸಂದು ಬೀಳುತ್ತದೆ. ಲಿಫ್ಟರ್ ಪ್ರಾಮಾಣಿಕವಾಗಿ ಅದಕ್ಕೂ ಆಯಿಲ್ ತುಂಬುತ್ತದೆ. ಆಯಿಲ್ ಅಮುಕಿದರೆ ಕುಗ್ಗುವ ವಸ್ತುವಲ್ಲ. ಉದ್ದವಾದ ಲಿಫ್ಟರ್ ವಾಲ್ವನ್ನು ಪೂರ್ತಿ ಮುಚ್ಚಲು ಬಿಡುವುದಿಲ್ಲ, ಕಂಪ್ರೆಷನ್ ಸೋರುತ್ತದೆ, ಕಾರು ಗೆರೆ ದಾಟುವ ಮೊದಲೇ ಉಸಿರು ಬಿಡುತ್ತದೆ. ಅದೃಷ್ಟ ಕೆಟ್ಟರೆ ಪಿಸ್ಟನ್ನೇ ವಾಲ್ವಿಗೆ ಬಡಿಯುತ್ತದೆ. ಇದನ್ನು ‘ಪಂಪ್ ಅಪ್’ ಎನ್ನುತ್ತಾರೆ. ತಪ್ಪು ಸ್ಪ್ರಿಂಗಿನದು, ಬೈಗುಳ ಲಿಫ್ಟರಿಗೆ.

ಷೆವ್ರೊಲೆ ಕಾರ್ವೆಟ್‌ಗೆ ಹೆಸರು ತಂದುಕೊಟ್ಟ ಎಂಜಿನಿಯರ್ ಜೋರಾ ಆರ್ಕಸ್-ಡಂಟೋವ್ ಹೆಸರಿನಲ್ಲಿ ‘30-30’ ಎಂಬ ಸಾಲಿಡ್ ಲಿಫ್ಟರಿನ ಕ್ಯಾಮ್ ಪ್ರಸಿದ್ಧ. ಇನ್‌ಟೇಕ್, ಎಗ್ಸಾಸ್ಟ್ ಎರಡಕ್ಕೂ 0.030 ಇಂಚು, ಅಂದರೆ ಮುಕ್ಕಾಲು ಮಿಲಿಮೀಟರ್ ಸಂದು! 1964ರ ಕಾರ್ವೆಟ್‌ನಲ್ಲಿ ಬಂದ ಇದು ಆಮೇಲೆ ಕಮಾರೊ ಝಡ್-28ಕ್ಕೂ ಹೋಯಿತು.

ಬಿಸಿಯಾದರೆ ಸಂದು ಕಿರಿದಾಗುತ್ತದೆ ಅಂದುಕೊಂಡಿರಾ? ಅಲ್ಯೂಮಿನಿಯಂ ಸಿಲಿಂಡರ್ ಹೆಡ್ ಇದ್ದರೆ ಉಲ್ಟಾ. ಅಲ್ಯೂಮಿನಿಯಂ ಉಕ್ಕಿನ ಪುಶ್‌ರಾಡಿಗಿಂತ ಹೆಚ್ಚು ಹಿಗ್ಗುವುದರಿಂದ ರಾಕರ್ ಮೇಲಕ್ಕೇರಿ ಸಂದು ದೊಡ್ಡದಾಗುತ್ತದೆ. ಅದಕ್ಕೇ ತಣ್ಣಗಿರುವಾಗ ಬಿಗಿಯಾಗಿ ಸೆಟ್ ಮಾಡಿಡುತ್ತಾರೆ.

ಸೆಟ್ ಮಾಡುವುದಕ್ಕೂ ಒಂದು ಕ್ರಮ ಉಂಟು. ಎಂಜಿನ್ನನ್ನು ಕೈಯಲ್ಲಿ ತಿರುಗಿಸುತ್ತಾ, ಆ ಸಿಲಿಂಡರಿನ ಎಗ್ಸಾಸ್ಟ್ ವಾಲ್ವ್ ತೆರೆಯತೊಡಗಿದಾಗ ಇನ್‌ಟೇಕ್ ಸೆಟ್ ಮಾಡಬೇಕು. ಇನ್‌ಟೇಕ್ ಪೂರ್ತಿ ತೆರೆದು ಮುಚ್ಚುತ್ತಾ ಬಂದಾಗ ಎಗ್ಸಾಸ್ಟ್. ಫೀಲರ್ ಗೇಜಿನ ಪಟ್ಟಿಯನ್ನು ರಾಕರ್ ಮತ್ತು ವಾಲ್ವ್ ತುದಿಯ ನಡುವೆ ತೂರಿಸಿ ಎಳೆದರೆ ಬೆರಳಿಗೆ ತುಸು ಹಿಡಿತ ಗೊತ್ತಾಗಬೇಕು, ಸಿಕ್ಕಿಕೊಳ್ಳಬಾರದು. ಲಾಕ್ ನಟ್ ಬಿಗಿ ಮಾಡಿ ಇನ್ನೊಮ್ಮೆ ಎಳೆದು ನೋಡದವನು ಮೆಕ್ಯಾನಿಕ್ಕೇ ಅಲ್ಲ. ಹೀಗೆ ಹದಿನಾರು ವಾಲ್ವ್.

ಈ ಕಾಟದಲ್ಲೂ ಲಾಭವಿದೆ. ಸಂದು ಕಡಿಮೆ ಮಾಡಿದರೆ ವಾಲ್ವ್ ತುಸು ಹೆಚ್ಚು ಹೊತ್ತು ತೆರೆದಿರುತ್ತದೆ, ಹೆಚ್ಚಿಸಿದರೆ ಕಡಿಮೆ ಹೊತ್ತು. ಕ್ಯಾಮ್ ಬದಲಿಸದೆಯೇ ಎಂಜಿನ್ನಿಗೆ ಇನ್ನೂ ದೊಡ್ಡ ಕ್ಯಾಮ್ ಬೇಕೋ ಸಾಕೋ ಎಂದು ಟ್ರ್ಯಾಕಿನಲ್ಲೇ ಪರೀಕ್ಷಿಸಬಹುದು. ಹೈಡ್ರಾಲಿಕ್‌ನಲ್ಲಿ ಈ ಆಟ ನಡೆಯುವುದಿಲ್ಲ.

ಕ್ರೈಸ್ಲರ್‌ನ 426 ಹೆಮಿ 1966ರಲ್ಲಿ ರಸ್ತೆಗಿಳಿದಾಗ ಸಾಲಿಡ್, 1970ಕ್ಕೆ ಹೈಡ್ರಾಲಿಕ್. ಕಂಪನಿ ಹೇಳಿಕೊಂಡ ಶಕ್ತಿ ಮಾತ್ರ ಎರಡೂ ಸಲ ಅದೇ 425 ಅಶ್ವಶಕ್ತಿ!

ನೈಟ್ರೊಮೀಥೇನ್ ಕುಡಿಯುವ ಟಾಪ್ ಫ್ಯುಯೆಲ್ ಕಾರುಗಳಲ್ಲಿ ಚಕ್ರವಿರುವ ಸಾಲಿಡ್ ರೋಲರ್ ಲಿಫ್ಟರುಗಳು. 2008ರಿಂದ ಇವುಗಳ ಓಟ ಸಾವಿರ ಅಡಿ, ನಾಲ್ಕು ಸೆಕೆಂಡಿನೊಳಗೆ ಮುಗಿಯುತ್ತದೆ. ಪ್ರತಿ ಓಟದ ನಂತರ ಎಂಜಿನ್ ಬಿಚ್ಚಿ ಜೋಡಿಸುತ್ತಾರೆ. ವರ್ಷಗಟ್ಟಲೆ ಸೆಟ್ಟಿಂಗ್ ಬೇಡ ಎಂಬ ಹೈಡ್ರಾಲಿಕ್‌ನ ಸೌಕರ್ಯ ಅವರಿಗ್ಯಾಕೆ?

ಕಂಪನಿ ಕೊಟ್ಟ ಜಾತಿಯ ಲಿಫ್ಟರನ್ನೇ ಉಳಿಸಿಕೊಳ್ಳಬೇಕೆಂಬ ನಿಯಮವಿರುವ ಕಡೆ ಚಾಣಾಕ್ಷರು ಒಂದು ದಾರಿ ಹುಡುಕಿದ್ದಾರೆ. ಹೈಡ್ರಾಲಿಕ್ ಲಿಫ್ಟರಿನ ಪ್ಲಂಜರನ್ನು ಮೇಲಿನ ಕ್ಲಿಪ್ಪಿಗೆ ತಾಗುವಷ್ಟು ಹತ್ತಿರ ಇಟ್ಟು ಸೆಟ್ ಮಾಡುತ್ತಾರೆ. ಆಯಿಲ್ ಎಷ್ಟು ತುಂಬಿದರೂ ಪ್ಲಂಜರ್ ಏರಲು ಜಾಗವೇ ಇರುವುದಿಲ್ಲ. ಹೆಸರಿಗೆ ಹೈಡ್ರಾಲಿಕ್, ನಡತೆಯಲ್ಲಿ ಮುಕ್ಕಾಲು ಪಾಲು ಸಾಲಿಡ್.