ಜನರೇಟರ್ ತಡವರಿಸಿದರೆ ಮೊದಲು ಕೇಬಲ್ ನೋಡಿ

ವಿದ್ಯುತ್ ಹೋದ ಗಳಿಗೆಯಲ್ಲೇ ಡೀಸೆಲ್ ಜನರೇಟರ್ ಮುಷ್ಕರ ಹೂಡಿದರೆ ಸಣ್ಣ ಕಾರ್ಖಾನೆಯ ಒಂದು ಪಾಳಿಯ ದುಡಿಮೆಯೇ ನಷ್ಟವಾಗಬಹುದು. ಆಗ ಅನೇಕ ಉದ್ಯಮಿಗಳು ತರಾತುರಿಯಲ್ಲಿ ಹೊಸ ಬ್ಯಾಟರಿ ಖರೀದಿಸುತ್ತಾರೆ. ಹಲವು ಬಾರಿ ಇದು ಅನವಶ್ಯಕ ವೆಚ್ಚ.

ಪೂರ್ಣ ಚಾರ್ಜ್ ಆದ 12 ವೋಲ್ಟ್ ಬ್ಯಾಟರಿಯು ವಿರಾಮದಲ್ಲಿರುವಾಗ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಈ ಅಂಕಿಯೊಂದನ್ನೇ ನಂಬಲಾಗದು. ಸ್ಟಾರ್ಟರ್ ಮೋಟಾರು ಎಂಜಿನ್ನನ್ನು ತಿರುಗಿಸುತ್ತಿರುವಾಗಲೇ ಅಳೆಯಬೇಕು. ಆಗ 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿಯನ್ನು ಸಂಶಯಿಸಬಹುದು. ಇಳಿಯದಿದ್ದೂ ಎಂಜಿನ್ ನಿಧಾನವಾಗಿ ತಿರುಗಿದರೆ, ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ಧ್ರುವಕ್ಕೂ ಮತ್ತೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೂ ತಾಗಿಸಿ ಪುನಃ ಸ್ಟಾರ್ಟ್ ಮಾಡಿಸಿರಿ. ಅರ್ಧ ವೋಲ್ಟಿಗಿಂತ ಹೆಚ್ಚು ಕಂಡುಬಂದರೆ ದೋಷವಿರುವುದು ಅರ್ತ್ ಕೇಬಲಿನಲ್ಲಿ ಅಥವಾ ಅದರ ಜೋಡಣೆಯಲ್ಲಿ. ಟರ್ಮಿನಲ್ ಮೇಲಿನ ಕಿಲುಬು, ಬಣ್ಣದ ಮೇಲೆಯೇ ಬಿಗಿದ ಬೋಲ್ಟು ಇದಕ್ಕೆ ಸಾಮಾನ್ಯ ಕಾರಣಗಳು.

ಸ್ವಯಂಚಾಲಿತ ಪ್ಯಾನಲ್ ಇದ್ದಲ್ಲಿ ಮೊದಲು ಅದನ್ನು ಬಂದ್ ಮಾಡಿರಿ. ಕಳಚುವಾಗ ಋಣ ತಂತಿ ಮೊದಲು, ಜೋಡಿಸುವಾಗ ಕೊನೆಗೆ. ಕಿಲುಬನ್ನು ಅಡುಗೆ ಸೋಡಾ ಕದಡಿದ ನೀರಿನಿಂದ ಒರೆಸಿ, ಒಣಗಿಸಿ, ಬಿಗಿದು, ವ್ಯಾಸಲೀನ್ ಸವರಬೇಕು. ಸೋಡಾ ನೀರು ಬ್ಯಾಟರಿಯೊಳಗೆ ಹನಿಯಷ್ಟೂ ಸೇರಕೂಡದು.

ಎಂಜಿನ್ ವೇಗವಾಗಿ ತಿರುಗಿಯೂ ಚಾಲೂ ಆಗದಿದ್ದರೆ ಮಾತು ಬೇರೆ. ಆಗ ಪರೀಕ್ಷಿಸಬೇಕಾದುದು ಡೀಸೆಲ್ ಫಿಲ್ಟರನ್ನು, ಇಂಧನ ಕೊಳವೆಯಲ್ಲಿ ಸೇರಿಕೊಂಡ ಗಾಳಿಯನ್ನು.