ಪಕ್ಕದ ಮನೆಯ ಮಗು ನಡೆಯಿತೇ? ನಡೆಯಲಿ ಬಿಡಿ!

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರು ಎಂಬುದು ಹಳೆಯ ಗಾದೆ. ಕೂಸು ಕೂರುವ ಮುನ್ನವೇ 'ಇನ್ನೂ ನಡೆಯಲಿಲ್ಲವೇ?' ಎಂದು ಕೇಳುವುದು ಬಂಧುಬಳಗದ ರೂಢಿ. ನಾಮಕರಣ, ಮದುವೆ ಎಂದು ನಾಲ್ಕು ಜನ ಸೇರಿದ ಕಡೆ ಎರಡು ಶಿಶುಗಳಿದ್ದರೆ ಸಾಕು, ಹೋಲಿಕೆ ಶುರುವಾಗುತ್ತದೆ. ಮಗುವಿಗೆ ಇದರ ಪರಿವೆಯಿಲ್ಲ, ಪೆಚ್ಚಾಗುವವಳು ತಾಯಿ.

ನಿಜಕ್ಕೂ ಮೊದಲ ವರ್ಷ ತಿಂಗಳಿಗೊಂದು ಹಬ್ಬ. ಆರರಿಂದ ಎಂಟು ವಾರದ ಹೊತ್ತಿಗೆ ಮಗು ನಮ್ಮ ಮುಖ ನೋಡಿ ನಗುತ್ತದೆ. ಅದು ನಿದ್ದೆಯಲ್ಲಿ ತುಟಿಯಂಚಿನಲ್ಲಿ ಸುಳಿಯುವ ನಗೆಯಲ್ಲ, ನಮಗಾಗಿಯೇ ನಕ್ಕ ನಗು. ಮೂರು-ನಾಲ್ಕು ತಿಂಗಳಿಗೆ ಕತ್ತು ನಿಲ್ಲುತ್ತದೆ. ಆಮೇಲೆ ಮಗುಚಿಕೊಂಡು, ಕೈ ಅಡಿಗೆ ಸಿಕ್ಕಿಸಿಕೊಂಡು, ಅತ್ತು ಮನೆಯವರನ್ನೆಲ್ಲ ಕರೆಯುತ್ತದೆ.

ಎಂಟು-ಒಂಬತ್ತು ತಿಂಗಳ ಮಗುವಿನ ಎದುರು ಗಿಲಕಿಯನ್ನು ಬಟ್ಟೆಯಡಿ ಮುಚ್ಚಿಡಿ. ಬಟ್ಟೆ ಸರಿಸಿ ಹುಡುಕುತ್ತದೆ. ಕಣ್ಣಿಗೆ ಕಾಣದ ವಸ್ತುವೂ ಇದೆ ಎಂಬ ತಿಳಿವಳಿಕೆ ಅದಕ್ಕೆ ಬಂದಿದೆ. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ತಮ್ಮ ಮೂವರು ಮಕ್ಕಳನ್ನು ಗಮನಿಸುತ್ತಲೇ ಇದನ್ನು ವಿವರಿಸಿದರು. ಅಮ್ಮ ಕಣ್ಮರೆಯಾದರೆ ಅಳು ಶುರುವಾಗುವುದೂ ಇದೇ ಕಾಲದಲ್ಲಿ. ಅದು ಹಟವಲ್ಲ, ಬುದ್ಧಿ ಬೆಳೆದ ಗುರುತು.

ಎಲ್ಲ ಮಕ್ಕಳೂ ಒಂದೇ ದಿನಕ್ಕೆ ಎಲ್ಲವನ್ನೂ ಕಲಿಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿದಂತೆ ಐದು ದೇಶಗಳ 816 ಆರೋಗ್ಯವಂತ ಮಕ್ಕಳನ್ನು ಗಮನಿಸಿ 2006ರಲ್ಲಿ ವರದಿ ಪ್ರಕಟಿಸಿತು. ಆಸರೆಯಿಲ್ಲದೆ ಕೂರಲು ಸುಮಾರು 4ರಿಂದ 9 ತಿಂಗಳು, ಸ್ವತಂತ್ರವಾಗಿ ನಡೆಯಲು ಸುಮಾರು 8ರಿಂದ 18 ತಿಂಗಳು ಸಹಜ ಎಂದು ಅದರಲ್ಲಿ ಕಂಡುಬಂತು. ನೂರಕ್ಕೆ ನಾಲ್ಕು ಮಕ್ಕಳಂತೂ ಅಂಬೆಗಾಲನ್ನೇ ಇಡಲಿಲ್ಲ! ಅವಧಿಗೆ ಮುನ್ನ ಹುಟ್ಟಿದ ಮಗುವಿನ ವಯಸ್ಸನ್ನು ಹೆರಿಗೆಗೆ ಕೊಟ್ಟಿದ್ದ ದಿನದಿಂದ ಎಣಿಸಬೇಕು.

ಬೇಗ ನಡೆಯಲಿ ಎಂದು ವಾಕರ್‌ನಲ್ಲಿ ಕೂರಿಸುವುದರಿಂದ ಲಾಭವಿಲ್ಲ. ಮೆಟ್ಟಿಲಿನಿಂದ ಉರುಳುವ ಅಪಾಯವಂತೂ ಇದ್ದೇ ಇದೆ. ಕೆನಡಾ 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು. ನೆಲಕ್ಕೆ ಚಾಪೆ ಹಾಸಿ ಮಗುವನ್ನು ಆಡಲು ಬಿಡುವುದೇ ಮೇಲು.

ಹಾಗೆಂದು 'ಅವರಪ್ಪನೂ ತಡವಾಗಿಯೇ ಮಾತಾಡಿದ್ದ' ಎಂದು ಎಲ್ಲವನ್ನೂ ತಳ್ಳಿಹಾಕುವುದೂ ಸರಿಯಲ್ಲ. ಮೂರು ತಿಂಗಳಾದರೂ ನಗದಿದ್ದರೆ, ಐದು ತಿಂಗಳಿಗೂ ಕತ್ತು ನಿಲ್ಲದಿದ್ದರೆ, ವರ್ಷ ತುಂಬಿದರೂ ಹೆಸರಿಗೆ ತಿರುಗದಿದ್ದರೆ, ಒಂದೂವರೆ ವರ್ಷಕ್ಕೂ ನಡೆಯದಿದ್ದರೆ, ಕಲಿತದ್ದನ್ನು ಮರೆತರೆ ಮಕ್ಕಳ ವೈದ್ಯರಿಗೆ ತೋರಿಸಿ. ಕಿವುಡಿರುವ ಮಗುವೂ ಮೊದಲ ತಿಂಗಳುಗಳಲ್ಲಿ 'ಆ', 'ಊ' ಎನ್ನುವುದರಿಂದ ಮನೆಯವರು ಮೋಸಹೋಗುವುದುಂಟು. ಬೇಗ ಪತ್ತೆಯಾದಷ್ಟೂ ಮಾತು ಕಲಿಸುವುದು ಸುಲಭ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಶಿಶುಗಳ ಶ್ರವಣ ಪರೀಕ್ಷೆಗೆ ವ್ಯವಸ್ಥೆಯಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗಳಿಗೇ ಬಂದು ಮಕ್ಕಳನ್ನು ಪರೀಕ್ಷಿಸುತ್ತವೆ.

ಶಾಲೆ-ಕಾಲೇಜಿಗೆ ಹೋಗುವ ಅಕ್ಕ-ಅಣ್ಣಂದಿರಿಗೂ ಇಲ್ಲಿ ಕೆಲಸವಿದೆ. ಮನೆಗೆ ಬಂದವರೇ ಮೊಬೈಲ್ ಬದಿಗಿಟ್ಟು, ಪಾಪುವಿನ ಮುಖಕ್ಕೆ ಮುಖ ಕೊಟ್ಟು ಹತ್ತು ನಿಮಿಷ ಮಾತಾಡಿ. ಅದು 'ಊ' ಎಂದರೆ ನೀವೂ 'ಊ' ಎನ್ನಿ. ಮೊದಲ ಹೆಜ್ಜೆಯಿಟ್ಟ ದಿನವನ್ನು ಡೈರಿಯಲ್ಲಿ ಬರೆದಿಡಿ. ಪಕ್ಕದ ಮನೆಯ ಮಗುವಿನ ತಾರೀಖು ಅದರಲ್ಲಿ ಬೇಡ.