ಓಡೋ ಎಂಜಿನ್ ಬ್ಯಾರೆ, ಎಳಿಯೋ ಎಂಜಿನ್ ಬ್ಯಾರೆ

ಯಾದಗಿರಿ, ಶಹಾಪುರ, ಸುರಪುರದ ಕಡೆ ಹಳೇ ಜೀಪು ಶೋಕಿಯ ಗಾಡಿಯಲ್ಲ. ಮಳೆ ಬಿದ್ದ ಎರೆ ಹೊಲದಲ್ಲಿ ಬೈಕು ನಾಲ್ಕು ಮಾರು ಹೋಗುವಷ್ಟರಲ್ಲಿ ಚಕ್ರಕ್ಕೆ ಮಣ್ಣು ಕಟ್ಟಿ ನಿಂತುಬಿಡುತ್ತದೆ. ಅಂಥ ದಿನ ಗೊಬ್ಬರದ ಚೀಲ, ಪಂಪ್‌ಸೆಟ್ಟಿನ ಮೋಟಾರು ಸಾಗಿಸಲು ನಾಲ್ಕೂ ಚಕ್ರ ಎಳೆಯುವ ಗಾಡಿಯೇ ಬೇಕು. ನಮ್ಮ ಮನೆಯಲ್ಲಿರುವುದು ಅಂಥದ್ದೇ ಒಂದು ಮಹೀಂದ್ರಾ ಡಿಐ ಜೀಪು.

ಕಳೆದ ಬೇಸಿಗೆಯಲ್ಲಿ ಅದರ ಎಂಜಿನ್ ಕೈಕೊಟ್ಟಿತು. ಮೊದಲು ನೀಲಿ ಹೊಗೆ, ಆಮೇಲೆ ಆಯಿಲ್ ಪ್ರೆಶರ್ ಇಳಿತ, ಬಿಚ್ಚಿ ನೋಡಿದರೆ ಬ್ಲಾಕ್‌ನಲ್ಲೇ ಬಿರುಕು. ಬ್ಲಾಕ್ ಗಟ್ಟಿಯಿದ್ದಿದ್ದರೆ ಬೋರ್ ಮಾಡಿಸಿ, ಹೊಸ ಪಿಸ್ಟನ್, ರಿಂಗ್ ಹಾಕಿಸಬಹುದಿತ್ತು. ಈಗ ಬೇರೆ ಎಂಜಿನ್ನೇ ಗತಿ. ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿದ್ದ ನನಗೆ ಅಪ್ಪ ಈ ಹೊಣೆ ಒಪ್ಪಿಸಿದರು. ಕೈಗೆ ಕೊಟ್ಟ ದುಡ್ಡು ಮುಂಗಾರಿನ ಬೀಜ, ಗೊಬ್ಬರಕ್ಕೆಂದು ತೆಗೆದಿಟ್ಟದ್ದು. ಎರಡನೇ ಸಲ ಕೊಳ್ಳುವ ಮಾತೇ ಇರಲಿಲ್ಲ.

ಸಲಹೆಗಳಿಗೇನೂ ಕಡಿಮೆಯಿರಲಿಲ್ಲ. ಗೆಳೆಯರಿಗೆ ಟೊಯೊಟಾ ಅಥವಾ ಇಸುಜು ಎಂಜಿನ್ ಹಾಕಿಸುವ ಆಸೆ. ಗುಜರಿಯವರೊಬ್ಬರು ಎಂ.ಎಂ.540 ಜೀಪಿನ ಪ್ಯೂಜೊ ಡೀಸೆಲ್ ಎಂಜಿನ್ ತೋರಿಸಿದರು. ಮೂರನೆಯದು, ಮೊದಲಿದ್ದ ಡಿಐ ಎಂಜಿನ್ನನ್ನೇ ಮತ್ತೆ ಹುಡುಕುವುದು. ಶಹಾಪುರದ ಗ್ಯಾರೇಜಿನ ಉಸ್ತಾದರನ್ನು ಕೇಳಿದೆ. ‘ತಮ್ಮಾ, ಓಡೋ ಎಂಜಿನ್ ಬ್ಯಾರೆ, ಎಳಿಯೋ ಎಂಜಿನ್ ಬ್ಯಾರೆ. ನಿಮ್ ಗಾಡಿ ಏನ್ ಮಾಡ್ತದ ಅದನ್ನ ಮೊದಲ ಹೇಳು’ ಅಂದರು.

ಆ ಮಾತಿನ ಅರ್ಥ ಲೆಕ್ಕ ಹಾಕಿದಾಗ ತಿಳಿಯಿತು. ಪ್ಯೂಜೊ ಎಂಜಿನ್ನಿನ ಸಿಲಿಂಡರ್ ಅಗಲ 90 ಮಿ.ಮೀ., ಪಿಸ್ಟನ್ ಮೇಲೆ ಕೆಳಗೆ ಚಲಿಸುವ ದೂರ, ಅಂದರೆ ಸ್ಟ್ರೋಕ್, 83 ಮಿ.ಮೀ. ನಾಲ್ಕು ಸಿಲಿಂಡರಿಗೆ 2112 ಸಿಸಿ. ಡಿಐನಲ್ಲಿ ಅಗಲ 88.9, ಸ್ಟ್ರೋಕ್ 101.6 ಮಿ.ಮೀ., ಒಟ್ಟು 2523 ಸಿಸಿ. ಸ್ಟ್ರೋಕ್ ಗಿಡ್ಡವಿದ್ದರೆ ಎಂಜಿನ್ ಚುರುಕಾಗಿ ತಿರುಗಬಲ್ಲದು. ಉದ್ದ ಸ್ಟ್ರೋಕಿನ ದೊಡ್ಡ ಎಂಜಿನ್ ನಿಧಾನವಾಗಿ ತಿರುಗಿದರೂ ಕಡಿಮೆ ವೇಗದಲ್ಲೇ ಭಾರ ಎಳೆಯುತ್ತದೆ. ಪ್ಯೂಜೊದಲ್ಲಿ ಡೀಸೆಲ್ ಮೊದಲು ಪಕ್ಕದ ಸಣ್ಣ ಕೋಣೆಯಲ್ಲಿ ಉರಿಯುತ್ತದೆ. ಸದ್ದು ಕಡಿಮೆ, ಆದರೆ ತಣ್ಣಗಿದ್ದಾಗ ಶುರುವಾಗಲು ಹೀಟರ್ ಪ್ಲಗ್ ಬೇಕು. ಡಿಐ ಅಂದರೆ ಡೈರೆಕ್ಟ್ ಇಂಜೆಕ್ಷನ್. ಡೀಸೆಲ್ ನೇರ ಪಿಸ್ಟನ್ ತಲೆಯ ಮೇಲೇ ಸಿಡಿಯುತ್ತದೆ. ಗಲಾಟೆ ಜಾಸ್ತಿ, ಆದರೆ ಬಿಸಿ ಪೋಲಾಗುವುದು ಕಡಿಮೆ, ಮೈಲೇಜ್ ಮೇಲು. ಕೆಸರಿನಲ್ಲಿ ಮೊದಲ ಗೇರಿನಲ್ಲಿ ತೆವಳುವ ನಮ್ಮ ಗಾಡಿಗೆ ಯಾವುದು ಒಪ್ಪುತ್ತದೆ ಎಂಬುದು ಅಲ್ಲಿಗೇ ಇತ್ಯರ್ಥವಾಯಿತು.

ಹಾಗಾದರೆ ಜಪಾನಿ ಎಂಜಿನ್? ಶಕ್ತಿಯೇನೋ ಹೆಚ್ಚು. ಆದರೆ ಆ ಶಕ್ತಿ ಹಳೇ ಗೇರ್‌ಬಾಕ್ಸ್, ಜಾಯಿಂಟ್, ಆಕ್ಸಲ್‌ಗಳ ಮೂಲಕವೇ ಚಕ್ರಕ್ಕೆ ಹೋಗಬೇಕು. ಎಂಜಿನ್ ಗಟ್ಟಿಯಾದಷ್ಟೂ ಮುರಿಯುವ ಜಾಗ ಹಿಂದಕ್ಕೆ ಸರಿಯುತ್ತದೆ. ಜೊತೆಗೆ ಗೇರ್‌ಬಾಕ್ಸಿಗೆ ಕೂರಿಸಲು ಲೇತ್‌ನಲ್ಲಿ ಅಡಾಪ್ಟರ್ ಪ್ಲೇಟ್, ಬೇರೆ ಮೌಂಟಿಂಗ್, 40 ಡಿಗ್ರಿ ದಾಟುವ ನಮ್ಮ ಬಿಸಿಲಿಗೆ ದೊಡ್ಡ ರೇಡಿಯೇಟರ್ ಬೇಕು. ಎಂಜಿನ್ನಿನ ಬೆಲೆಯ ಹಿಂದೆ ಇಷ್ಟು ಖರ್ಚು ಅಡಗಿರುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಕಾಗದ. ಮೋಟಾರು ವಾಹನ ಕಾಯ್ದೆ 1988ರ ಕಲಂ 52ರಂತೆ, ಆರ್‌ಸಿಯಲ್ಲಿರುವ ವಿವರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಎಂಜಿನ್ ಬದಲಿಸುವುದಕ್ಕೂ ಆರ್‌ಟಿಒ ಒಪ್ಪಿಗೆ ಬೇಕು. ನಿಯಮ ಮೀರಿ ಬದಲಾಯಿಸಿದರೆ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಎಂಜಿನ್ ನಂಬರ್ ಆರ್‌ಸಿಗೆ ತಾಳೆಯಾಗದಿದ್ದರೆ ಅಪಘಾತವಾದಾಗ ವಿಮೆಯ ಹಣಕ್ಕೂ ತಕರಾರು ಬರಬಹುದು. ಹೊಲ ಕೇಳಿದ್ದೂ ಕಾನೂನು ಕೇಳಿದ್ದೂ ಒಂದೇ ಎಂಜಿನ್. ಆದ್ದರಿಂದ ಅದೇ ಡಿಐ ಹುಡುಕಲು ಹೊರಟೆ. ಯಾದಗಿರಿಯ ಆರ್‌ಟಿಒ ಕಚೇರಿಗೆ ಮೊದಲೇ ಅರ್ಜಿಯನ್ನೂ ಕೊಟ್ಟೆ.

ಕಲಬುರಗಿಯಲ್ಲಿ ಒಂದು ಸಿಕ್ಕಿತು. ಹಳೇ ಎಂಜಿನ್ ಕೊಳ್ಳುವವರಿಗೆ ಉಸ್ತಾದರು ಕಲಿಸಿದ ಪರೀಕ್ಷೆಗಳಿವು. ಹೋದ ಕೂಡಲೇ ಬ್ಲಾಕ್ ಮುಟ್ಟಿ ನೋಡಿ, ತಣ್ಣಗಿರಬೇಕು. ಮೊದಲೇ ಬಿಸಿ ಮಾಡಿಟ್ಟ ಎಂಜಿನ್ ತನ್ನ ರೋಗ ಮುಚ್ಚಿಡುತ್ತದೆ. ಶುರು ಮಾಡಿ ಆಯಿಲ್ ಮುಚ್ಚಳ ತೆಗೆಯಿರಿ. ಹೊಗೆ ಬುಸುಗುಟ್ಟಿದರೆ ರಿಂಗ್ ಸವೆದಿದೆ. ಆಯಿಲ್ ಹಾಲಿನಂತೆ ಬಿಳುಚಿದ್ದರೆ ನೀರು ಸೇರಿದೆ. ಕಂಪ್ರೆಷನ್ ಗೇಜ್ ಹಾಕಿದಾಗ ನಾಲ್ಕೂ ಸಿಲಿಂಡರ್ ಹೆಚ್ಚುಕಡಿಮೆ ಒಂದೇ ತೋರಿಸಬೇಕು. ಕೊನೆಗೆ ಎಂಜಿನ್ ನಂಬರ್: ಉಜ್ಜಿದ ಗುರುತಿದ್ದರೆ ಎಷ್ಟೇ ಅಗ್ಗವಾದರೂ ಬೇಡ. ಯಾವ ಗಾಡಿಯಿಂದ ಇಳಿಸಿದ್ದು ಎಂಬ ಕಾಗದ ಮತ್ತು ಬಿಲ್ ಇಲ್ಲದೆ ದುಡ್ಡು ಎಣಿಸಬೇಡಿ.

ಕೂರಿಸುವ ಕೆಲಸ ಚೈನ್ ಬ್ಲಾಕಿನಲ್ಲಿ ಎತ್ತಿ ಇಳಿಸಿದಷ್ಟು ಸುಲಭವಲ್ಲ. ಎಂಜಿನ್ ಹೊರಗಿರುವಾಗಲೇ ಕ್ಲಚ್ ಪ್ಲೇಟ್, ಬೇರಿಂಗ್ ಹೊಸದು ಹಾಕಿಸಿದೆವು. ಆಮೇಲೆ ಅದಕ್ಕಾಗಿ ಮತ್ತೆ ಗೇರ್‌ಬಾಕ್ಸ್ ಇಳಿಸಬೇಕಾಗುತ್ತದೆ. ಕ್ಲಚ್ ಪ್ಲೇಟ್ ನಟ್ಟನಡುವೆ ಕೂರದಿದ್ದರೆ ಗೇರ್‌ಬಾಕ್ಸಿನ ಶಾಫ್ಟ್ ಒಳಗೆ ಹೋಗುವುದೇ ಇಲ್ಲ. ರೇಡಿಯೇಟರ್ ತೊಳೆಸಿ, ಏರ್ ಫಿಲ್ಟರ್ ಸ್ವಚ್ಛ ಮಾಡಿ, ಡೀಸೆಲ್ ಪೈಪಿನ ಗಾಳಿಯನ್ನು ಫಿಲ್ಟರ್, ಪಂಪ್, ನಾಜಲ್ ಎಂಬ ಕ್ರಮದಲ್ಲಿ ತೆಗೆದೆವು. ಬೋಲ್ಟ್ ಬಿಗಿಯುವುದು ಕೈಲಿದ್ದದ್ದು ನಾನು, ಕಿವಿಯಿಟ್ಟು ಕೇಳಿದ್ದು ಉಸ್ತಾದರು. ಮೊದಲ 500 ಕಿ.ಮೀ. ಆದಮೇಲೆ ಆಯಿಲ್ ಬದಲಿಸಿದೆವು. ಆರ್‌ಸಿಯಲ್ಲಿ ಹೊಸ ಎಂಜಿನ್ ನಂಬರ್ ಬಂದ ಮೇಲೆ ವಿಮೆಯವರಿಗೂ ತಿಳಿಸಿದೆ.

ಕೆಲಸ ಹುಡುಕುತ್ತಿರುವ ಗೆಳೆಯರಿಗೆ ಒಂದು ಮಾತು. ಐಟಿಐನಲ್ಲಿ ಡೀಸೆಲ್ ಮೆಕ್ಯಾನಿಕ್ ಒಂದು ವರ್ಷದ ಕೋರ್ಸ್, ಮೋಟಾರು ವಾಹನ ಮೆಕ್ಯಾನಿಕ್ ಎರಡು ವರ್ಷದ್ದು. 2020ರ ಏಪ್ರಿಲ್‌ನಿಂದ ಬಿಎಸ್-6 ಬಂದಮೇಲೆ ಹೊಸ ಡೀಸೆಲ್ ಗಾಡಿಗಳ ರೋಗ ಹಿಡಿಯಲು ಸ್ಕ್ಯಾನರ್ ಓದಲು ಬರಬೇಕು. ಹಳೇ ಗಾಡಿಗಳಿಗೆ ಇನ್ನೂ ಕಿವಿಯೇ ಸ್ಕ್ಯಾನರ್. ನಮ್ಮ ಊರುಗಳ ಉಸ್ತಾದರಿಗೆ ಎರಡನೆಯದು ಗೊತ್ತು, ಓದಿದ ಹುಡುಗರಿಗೆ ಮೊದಲನೆಯದು ಬೇಗ ಬರುತ್ತದೆ. ಎರಡನ್ನೂ ಬಲ್ಲವರಿಗೆ ಶಹಾಪುರ, ಸುರಪುರದಲ್ಲೇ ಕೆಲಸವಿದೆ. ಬೆಂಗಳೂರಿನ ಬಸ್ಸು ಹತ್ತುವ ಮೊದಲು ಒಂದು ದಿನ ನಮ್ಮೂರಿನ ಗ್ಯಾರೇಜಿನಲ್ಲಿ ಕೂತು ನೋಡಿ.